ಹರಿಗೋಲೂ ನಮ್ಮ ಮನೆಯ ಬಚ್ಚಲೂ

ಹರಿಗೋಲು ನಡೆಸುವುದು ಮಕ್ಕಳಾಟವೆಂದು ನಾನು ಬಹುಕಾಲ ನಂಬಿದ್ದೆ. ಆ ಭ್ರಮೆ ಹರಿದದ್ದು ಮೊನ್ನೆ, ಕನಕಪುರದಾಚೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದಲ್ಲಿ.

ಬನಶಂಕರಿ ಮೂರನೆಯ ಹಂತದ ನಮ್ಮ ಮನೆಯಿಂದ ಬುತ್ತಿ ಕಟ್ಟಿಕೊಂಡು ಸಪರಿವಾರ ಹೊರಟಿದ್ದೆವು. ನದಿ ಅಂದು ಸಾಧುವಾಗಿ ಹರಿಯುತ್ತಿತ್ತು. ಲೈಫ್ ಜಾಕೆಟ್ಟು ತೊಟ್ಟು ಹರಿಗೋಲಿನ ತಳದಲ್ಲಿ ಕುಳಿತ ಮೇಲೆ, ಅಂಬಿಗನ ಅಪ್ಪಣೆ ಪಡೆದು ನಾನು ಹುಟ್ಟು ಹಿಡಿದೆ. ಬಲಕ್ಕೆ ಹಾಕಿದರೆ ಎಡಕ್ಕೆ ಸುತ್ತಿತು. ಎಡಕ್ಕೆ ಹಾಕಿದರೆ ಬಲಕ್ಕೆ. ಮುಂದಕ್ಕೆ ಮಾತ್ರ ಒಂದು ಮೊಳವೂ ಹೋಗಲೊಲ್ಲದು. “ಆಫೀಸಿನಲ್ಲಿಯೂ ಹೀಗೆಯೇ ಏನು?” ಎಂದಳು ನನ್ನಾಕೆ.

ಅಂಬಿಗ ನಕ್ಕು ಗುಟ್ಟು ಹೇಳಿದ: ಪಕ್ಕದ ನೀರನ್ನು ಹಿಂದಕ್ಕೆ ತಳ್ಳಬಾರದು, ಹೋಗಬೇಕಾದ ಕಡೆಗೆ ಮುಖ ಮಾಡಿ, ಮುಂದಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳಬೇಕು.

ನನ್ನ ಸೋಲಿಗೆ ಚರಿತ್ರೆಯ ಸಮಾಧಾನವೂ ಉಂಟು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಈ ಬುಟ್ಟಿದೋಣಿಗಳು ನೇರವಾಗಿ ಹೋಗಲಾರದೆ ಸುತ್ತುತ್ತಲೇ ಇರುತ್ತವೆಂದು ಬರೆದಿಟ್ಟಿದ್ದಾನೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಸುತ್ತುವ ಗುಣ ಹಾಗೆಯೇ ಇದೆ.

ಅಷ್ಟರಲ್ಲಿ ನೀರಿಗೆ ಕೈ ಇಳಿಬಿಟ್ಟಿದ್ದ ಮಗಳು, “ಅಪ್ಪಾ, ನಮ್ಮ ನಲ್ಲಿಗೆ ಬರುವುದೂ ಇದೇ ನೀರೇ?” ಎಂದಳು. ಇದೇ ನದಿಯದು, ಇನ್ನೂ ಮೇಲೆ ಶಿವನಸಮುದ್ರದ ಬಳಿ ತೆಗೆದದ್ದು. 1974ರಿಂದ ಸುಮಾರು 100 ಕಿಲೋಮೀಟರು ಕೊಳವೆಗಳಲ್ಲಿ ಏರಿ ಬರುತ್ತಿದೆ ಎಂದೆ. “ಬಂದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ?”

ಉತ್ತರ ತಿಳಿದಿತ್ತು, ನಾಲಗೆ ಏಳಲಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂಬ ಪ್ರತೀತಿಯುಳ್ಳ ವೃಷಭಾವತಿ ಇಂದು ನಮ್ಮಂಥ ಬಡಾವಣೆಗಳ ಕೊಳಚೆ ಹೊತ್ತು, ಕೆಂಗೇರಿ, ಬೈರಮಂಗಲಗಳನ್ನು ಹಾದು ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಇಲ್ಲಿ ಕಾವೇರಿಯನ್ನು. ಕಾರಿನಲ್ಲಿ ಬಂದ ನಮಗಿಂತ ಮೊದಲೇ ನಮ್ಮ ಬಚ್ಚಲ ನೀರು ಇಲ್ಲಿಗೆ ತಲಪಿತ್ತು! ಇಲ್ಲಿಂದ ಕೆಳಗೆ ಹೊಗೇನಕಲ್ಲಿನಲ್ಲಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಮನೆಗಳಿಗೆ ಕುಡಿಯುವ ನೀರನ್ನು ತೆಗೆಯುತ್ತಾರೆ.

ಎಲ್ಲವನ್ನೂ ಹೇಳಿದೆ. ಅವಳು ಕೈಯನ್ನು ಮೇಲೆತ್ತಿ ಲಂಗಕ್ಕೆ ಒರಸಿಕೊಂಡಳು. “ಅಲ್ಲಿಯ ಮಕ್ಕಳಿಗೆ ಇದು ಗೊತ್ತೇ?” ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಕರಿದ ಎಣ್ಣೆ ಬಚ್ಚಲಿಗೆ ಬೀಳುವುದಿಲ್ಲ. ಸಾಬೂನಿನ ಪುಡಿ ಅಳತೆಯ ಚಮಚ ಕಂಡಿದೆ. ಇದರಿಂದಲೇ ನದಿ ತಿಳಿಯಾದೀತೆಂದು ನಾನು ಹೇಳಲಾರೆ. ಆದರೆ ಬಚ್ಚಲ ಬಾಗಿಲಲ್ಲಿ ಕಾವಲು ನಿಂತಿರುವ ಮಗಳಿಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ.