ಊಟದ ಮೇಲೂ ಮೇಸ್ತ್ರಿ ಕಮಿಷನ್



ಎಸ್ಟೇಟಿನಲ್ಲಿ ದುಡಿದ ನಮ್ಮ ಹಿರಿಯರಿಗೆ ಮೇಸ್ತ್ರಿ ಕಮಿಷನ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆಳು ಕರೆತಂದವನೆಂಬ ಕಾರಣಕ್ಕೆ, ಆಳು ದುಡಿದ ದುಡಿಮೆಯ ಮೇಲೆಲ್ಲ ಮೇಸ್ತ್ರಿಗೆ, ಕಂಗಾಣಿಗೆ ಕಾಸು ಸಲ್ಲುತ್ತಿತ್ತು. ಗುದ್ದಲಿ ಹಿಡಿದವನು ಒಬ್ಬ, ಲೆಕ್ಕ ಹಿಡಿದವನು ಇನ್ನೊಬ್ಬ. ಅದೇ ಪದ್ಧತಿ ಈಗ ಮೊಬೈಲಿನೊಳಗೆ ಬಂದು ಕೂತಿದೆ.

ಉದ್ದನಪಲ್ಲಿ ಸುತ್ತಿನ ನಮ್ಮ ಹುಡುಗರು ಹೊಸೂರಿಗೆ, ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋಗಿ, ಬೈಕಿನ ಮೇಲೆ ಊಟ ಹೊತ್ತು ಮನೆಮನೆಗೆ ಮುಟ್ಟಿಸುತ್ತಾರೆ. ಆದ್ದರಿಂದ ಇದು ಪಟ್ಟಣದವರ ಗೊಡವೆ ಎಂದು ನಾವು ಸುಮ್ಮನಿರಲಾಗದು.

ಲೆಕ್ಕ ನೋಡೋಣ. ನೂರಕ್ಕೆ 25ರಂತೆ ಕಮಿಷನ್ ಹಿಡಿದರೆ, 200 ರೂಪಾಯಿಯ ಬಿರಿಯಾನಿಯಲ್ಲಿ 50 ರೂಪಾಯಿ ಕಂಪನಿಗೆ ಹೋಯಿತು. ಅಕ್ಕಿ, ಗ್ಯಾಸು, ಅಡಿಗೆಯವನ ಸಂಬಳ, ಬಾಡಿಗೆ ಎಲ್ಲವೂ ಉಳಿದ 150ರಲ್ಲಿ ಆಗಬೇಕು. ತಿನ್ನುವವನ ಮೇಲೂ ಬೇರೆ ಶುಲ್ಕವಿದೆ. 2023ರಲ್ಲಿ 2 ರೂಪಾಯಿಯಿಂದ ಶುರುವಾದ ‘ಪ್ಲಾಟ್‌ಫಾರ್ಮ್ ಶುಲ್ಕ’ 2025ರಲ್ಲಿ 10 ರೂಪಾಯಿಯನ್ನೂ ದಾಟಿತು. ಕೊಳಗವನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡುವವರನ್ನು ಪ್ರವಾದಿಯಾದ ಆಮೋಸನು ಸುಮ್ಮನೆ ಗದರಿಸಲಿಲ್ಲ.

ನಾಮಕ್ಕಲ್ಲಿನ ಹೋಟೆಲ್ ಮಾಲೀಕರು ಈ ಕಮಿಷನ್ ತಾಳಲಾರದೆ, 2025ರ ಜುಲೈ 1ರಿಂದ ಸ್ವಿಗ್ಗಿ, ಜೊಮ್ಯಾಟೊ ಆರ್ಡರು ತೆಗೆದುಕೊಳ್ಳುವುದಿಲ್ಲವೆಂದು ತೀರ್ಮಾನಿಸಿದರು. ಮಾಲೀಕರು ಒಂದಾಗಬಲ್ಲರು. ಸರ್ಕಾರಕ್ಕೆ ಏನಾಗಿದೆ?

ಸರ್ಕಾರದ ಕೈಯಲ್ಲಾಗದು ಎನ್ನುವವರಿಗೆ ಪಕ್ಕದ ರಾಜ್ಯವನ್ನೇ ತೋರಿಸುತ್ತೇವೆ. ಆ್ಯಪ್ ಮೂಲಕ ಓಡುವ ಆಟೋಗಳಿಗೆ ಶೇಕಡಾ 5ಕ್ಕಿಂತ ಹೆಚ್ಚು ಸೇವಾಶುಲ್ಕ ಕೂಡದೆಂದು ಕರ್ನಾಟಕ ಸರ್ಕಾರ 2022ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. 2024ರ ಮೇ ತಿಂಗಳಲ್ಲಿ ಹೈಕೋರ್ಟು ಆ ಮಿತಿಯನ್ನು ಎತ್ತಿಹಿಡಿಯಿತು. ಆಟೋಗೆ ಆಗುವುದು ಅನ್ನಕ್ಕೆ ಏಕಾಗದು? ನಮ್ಮ ತಮಿಳುನಾಡೇ 1999ರಲ್ಲಿ ದಲ್ಲಾಳಿಯಿಲ್ಲದ ಉಳವರ್ ಸಂದೆ ತೆರೆಯಲಿಲ್ಲವೇ? ಹೊಸೂರಿನ ಆ ಸಂತೆಯಲ್ಲಿ ಸೊಪ್ಪು ಕೊಳ್ಳುವವರಿಗೆ ಅದರ ಬೆಲೆ ಗೊತ್ತು.

ಆದರೆ ಬರೀ ಹೋಟೆಲಿನ ಕಮಿಷನ್ನಿಗೆ ಮಿತಿ ಹಾಕಿದರೆ ಸಾಲದು. ಕೊರೋನಾ ಕಾಲದಲ್ಲಿ, 2020ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ, ಷಿಕಾಗೊ ನಗರಗಳು ಶೇಕಡಾ 15ರ ಮಿತಿ ಹಾಕಿದವು. ಷಿಕಾಗೊದಲ್ಲಿ ಡೋರ್‌ಡ್ಯಾಶ್ ಎಂಬ ಕಂಪನಿ ಏನು ಮಾಡಿತು ಗೊತ್ತೇ? ಊರಿನ ಹೆಸರಿಟ್ಟೇ ಒಂದೂವರೆ ಡಾಲರಿನ ಹೊಸ ಶುಲ್ಕವನ್ನು ತಿನ್ನುವವರ ಬಿಲ್ಲಿಗೆ ಸೇರಿಸಿತು! ಒಂದು ಕಡೆ ಕಟ್ಟೆ ಹಾಕಿದರೆ ನೀರು ಇನ್ನೊಂದು ಕಡೆ ನುಗ್ಗುತ್ತದೆ. ಹೋಟೆಲಿನವನನ್ನೂ ಗಿರಾಕಿಯನ್ನೂ ಕಾಪಾಡಿದರೆ, ಮುಂದಿನ ಸಾರಿ ಅದು ಬೈಕಿನ ಹುಡುಗನ ಬಟವಾಡೆಯ ಮೇಲೆ ನುಗ್ಗೀತು. ನಮ್ಮ ಭಯ ಅದೇ.

ಆದಕಾರಣ ಮಿತಿ ಒಟ್ಟು ಕಡಿತದ ಮೇಲಿರಬೇಕು. ಪ್ರತಿ ಬಿಲ್ಲಿನಲ್ಲೂ ಅಂಗಡಿಗೆಷ್ಟು, ಕಂಪನಿಗೆಷ್ಟು, ಹೊತ್ತು ತಂದವನಿಗೆಷ್ಟು ಎಂದು ಬರೆದಿರಬೇಕು. ಕರ್ನಾಟಕದ 2025ರ ಕಾಯಿದೆ, ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯಿಂದ ವಸೂಲು ಮಾಡಿ ಕ್ಷೇಮನಿಧಿಗೆ ಸೇರಿಸುತ್ತದೆ. ತಮಿಳುನಾಡು 2023ರಲ್ಲಿ ಇಂಥ ಕೆಲಸಗಾರರಿಗೆ ಕ್ಷೇಮ ಮಂಡಳಿ ರಚಿಸಿತು, ಅದು ಒಳ್ಳೆಯದೇ. ಆದರೆ ಕಮಿಷನ್ನಿನ ಮಾತನ್ನು ಮಂಡಳಿ ಮುಟ್ಟುವುದಿಲ್ಲ.

ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಅಲ್ಲಿಯ ಸದಸ್ಯರೂ ನಮ್ಮ ಶಾಸಕರೂ ಮತ ಕೇಳಲು ಬಂದಾಗ ಈ ಲೆಕ್ಕವನ್ನು ಮುಂದಿಡೋಣ. ಅದಕ್ಕೆ ಮುಂಚೆ, ಬೈಕು ಓಡಿಸುವ ಮಕ್ಕಳಿರುವ ಮನೆಯವರು ಅವರ ಹೆಸರು ಮಂಡಳಿಯಲ್ಲಿ ದಾಖಲಾಗಿದೆಯೇ ಎಂದು ಈ ವಾರವೇ ಕೇಳಿರಿ.