ದೂರದ ಮಾತಿಗೆ ಎಂತಹ ಏರಿಯಲ್?

ಟೆಲಿವಿಷನ್ನಿಗೆ ಕೇಬಲ್ ಬರುವುದಕ್ಕೆ ಮೊದಲು, ಭಾನುವಾರದ ಚಲನಚಿತ್ರ ಆರಂಭವಾಗುವ ಮುನ್ನ, ಬೆಂಗಳೂರಿನ ಅನೇಕ ಮನೆಗಳಲ್ಲಿ ಒಂದು ಚಿಕ್ಕ ನಾಟಕ ನಡೆಯುತ್ತಿದ್ದಿತು. ಅಣ್ಣನು ಮಾಳಿಗೆಯ ಮೇಲೆ ಏರಿಯಲ್ಲಿನ ಕಂಬವನ್ನು ಹಿಡಿದು ನಿಲ್ಲುವನು. ತಮ್ಮನು ಮೆಟ್ಟಿಲ ಮೇಲೆ. ತಾಯಿ ಪೆಟ್ಟಿಗೆಯ ಮುಂದೆ. “ಬಂತೇನೋ?” “ಇಲ್ಲ, ಇನ್ನೂ ಸ್ವಲ್ಪ ತಿರುಗಿಸು.” “ಈಗ?” “ಬಂತು, ಬಂತು... ಅಯ್ಯೋ, ಹೋಯಿತು!” ಆ ಅಣ್ಣನ ಕೈಯಲ್ಲಿದ್ದ, ಮೀನಿನ ಮುಳ್ಳನ್ನು ಹೋಲುವ ವಸ್ತುವನ್ನು 1926ರ ಸುಮಾರಿಗೆ ಜಪಾನಿನ ತೋಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡ ಮತ್ತು ಹಿಡೆತ್ಸುಗು ಯಾಗಿ ಎಂಬ ವಿಜ್ಞಾನಿಗಳು ರೂಪಿಸಿದರು. ಒಂದೇ ದಿಕ್ಕಿಗೆ ಗಮನ ಕೊಟ್ಟು, ಉಳಿದ ದಿಕ್ಕುಗಳಿಗೆ ಬಹುಮಟ್ಟಿಗೆ ಕಿವುಡಾಗಿರುವುದೇ ಅದರ ಗುಣ. ಆ ಕಿವುಡುತನವೇ ಈ ಲೇಖನದ ವಿಷಯ.

ಕಳೆದ ವರ್ಷ ಹೊಸಹಳ್ಳಿಯ ವಿದ್ಯಾರ್ಥಿಯೊಬ್ಬನು ಐದು ದಂಡಗಳ ಭಾರಿ ಏರಿಯಲ್ಲೊಂದರ ಚಿತ್ರವನ್ನು ಹಿಡಿದು ನಮ್ಮಲ್ಲಿಗೆ ಬಂದನು. “ಸಾರ್, ಇದನ್ನು ಮನೆಯ ಮೇಲೆ ನಿಲ್ಲಿಸಿ ಸಿಟಿಜನ್ಸ್ ಬ್ಯಾಂಡ್ ರೇಡಿಯೋದಲ್ಲಿ ಯೂರೋಪಿನವರೊಡನೆ ಮಾತನಾಡಬಹುದೇ?” ಎಂದು ಕೇಳಿದನು. ಪ್ರಶ್ನೆ ಒಳ್ಳೆಯದೇ. ಆದರೆ ಅದಕ್ಕೆ ಉತ್ತರ ಕೊಡುವ ಮುನ್ನ ಕಾನೂನಿನ ಒಂದು ಲೆಕ್ಕವನ್ನು ಬಿಡಿಸಬೇಕಾಯಿತು.

ನಮ್ಮ ದೇಶದಲ್ಲಿ 2005ರಲ್ಲಿ ಹೊರಡಿಸಿದ ನಿಯಮವು 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕೆಲಸ ಮಾಡುವ ಅಲ್ಪಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ನೀಡಿತು. ಮಿತಿ 5 ವ್ಯಾಟ್. ಆದರೆ ಇದು ಪೆಟ್ಟಿಗೆಯಿಂದ ಹೊರಡುವ ಶಕ್ತಿಯ ಮಿತಿಯಲ್ಲ, ಏರಿಯಲ್ಲಿನಿಂದ ಪರಿಣಾಮಕಾರಿಯಾಗಿ ಹೊರಸೂಸುವ ಶಕ್ತಿಯ ಮಿತಿ. ಈ ವ್ಯತ್ಯಾಸ ಮುಖ್ಯವಾದುದು. ಮೂರು ದಂಡಗಳ ಯಾಗಿ ಏರಿಯಲ್ ತನಗೆ ಕೊಟ್ಟ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಎಲ್ಲೆಡೆಗೂ ಹರಡಬೇಕಾದುದನ್ನು ಒಂದು ಕಡೆಗೆ ಕೂಡಿಹಾಕುತ್ತದೆ. ಆ ದಿಕ್ಕಿನಲ್ಲಿ ಸಾಧಾರಣ ಡೈಪೋಲಿಗಿಂತ ಮೂರರಿಂದ ನಾಲ್ಕು ಪಟ್ಟು ಪ್ರಬಲವಾಗಿ ಕೇಳಿಸುತ್ತದೆ. 5 ವ್ಯಾಟಿನ ಪೆಟ್ಟಿಗೆಗೆ ಅದನ್ನು ಜೋಡಿಸಿದೊಡನೆ ಲೆಕ್ಕ 15–20 ವ್ಯಾಟಿಗೆ ಹೋಗುತ್ತದೆ. ವಿನಾಯಿತಿಯ ಗೆರೆ ಹಿಂದೆ ಉಳಿಯುತ್ತದೆ. ಆದುದರಿಂದ ದೂರದ ಮಾತಿನ ಹಂಬಲವುಳ್ಳವರು ಒಂದು ಮೆಟ್ಟಿಲು ಮೇಲೇರಿ, ಪರೀಕ್ಷೆ ಬರೆದು, ಹವ್ಯಾಸಿ ರೇಡಿಯೋ ಲೈಸೆನ್ಸನ್ನು ಪಡೆದು, 28 ಮೆಗಾಹರ್ಟ್ಸಿನ ಪಟ್ಟಿಗೆ ಬರುವುದೇ ಸರಿಯಾದ ದಾರಿ. ಹನ್ನೆರಡು ವರ್ಷ ತುಂಬಿದವರು ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಬೆಂಗಳೂರಿನ ಹವ್ಯಾಸಿಗಳ ಸಂಘವು 1959ರಷ್ಟು ಹಿಂದೆಯೇ ಹುಟ್ಟಿದುದು. ಮಾರ್ಗದರ್ಶಕರಿಗೆ ನಮ್ಮ ಊರಿನಲ್ಲಿ ಕೊರತೆಯಿಲ್ಲ. ಎರಡು ಪಟ್ಟಿಗಳ ಭೌತಶಾಸ್ತ್ರವೂ ಒಂದೇ: ತರಂಗದೂರ ಅಲ್ಲಿ 11 ಮೀಟರ್, ಇಲ್ಲಿ ಹತ್ತೂವರೆ.

ಇನ್ನು ಆಯ್ಕೆಯ ಮಾತು. ಏರಿಯಲ್ಲನ್ನು ಕೊಳ್ಳುವವರೆಲ್ಲರೂ ಅದರ ಬಾಯಿಯ ಬಲವನ್ನು ಮಾತ್ರ ವಿಚಾರಿಸುತ್ತಾರೆ, ಕಿವಿಯನ್ನು ವಿಚಾರಿಸುವವರು ವಿರಳ. ಇದು ತಲೆಕೆಳಗಾದ ಕ್ರಮವೆಂದು ನಮ್ಮ ಅಭಿಪ್ರಾಯ. ಬಾಯಿಯ ಬಲವನ್ನು ಬೇರೆ ರೀತಿಯಿಂದಲೂ ಹೆಚ್ಚಿಸಿಕೊಳ್ಳಬಹುದು. ಲೈಸೆನ್ಸ್ ಒಪ್ಪುವ ಮಿತಿಯೊಳಗೆ ಪ್ರೇಷಕದ ಶಕ್ತಿಯನ್ನು ಇಮ್ಮಡಿ ಮಾಡಿದರಾಯಿತು. ಆದರೆ ಗದ್ದಲದಲ್ಲಿ ಮುಳುಗಿಹೋದ ದನಿಯನ್ನು ಯಾವ ಶಕ್ತಿವರ್ಧಕವೂ ಮೇಲೆತ್ತಲಾರದು. ದನಿಯೊಡನೆ ಗದ್ದಲವೂ ವರ್ಧಿಸುತ್ತದೆ.

ಹೊಸಹಳ್ಳಿಯಂತಹ ಬಡಾವಣೆಯಲ್ಲಿ ಈ ಗದ್ದಲಕ್ಕೆ ಮೇರೆಯಿಲ್ಲ. ಎಲ್‌ಇಡಿ ದೀಪಗಳು, ಇನ್ವರ್ಟರುಗಳು, ಮೊಬೈಲಿನ ಚಾರ್ಜರುಗಳು, ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿ, ಇವೆಲ್ಲವೂ ತಮಗೆ ತಿಳಿಯದಂತೆಯೇ ಸಣ್ಣ ಪ್ರೇಷಕಗಳಾಗಿವೆ. ಹಳೆಯ ಹಳ್ಳಿಯ ಕಿರಿದಾದ ಓಣಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುವುದರಿಂದ ನೆರೆಮನೆಯ ದೀಪವೂ ನಮ್ಮ ಗ್ರಾಹಕದೊಳಗೆ ಸದ್ದು ಮಾಡುತ್ತದೆ. ಮೊದಲು ನಾವು ಒಂದು ಸಾಧಾರಣ ಡೈಪೋಲನ್ನು ಕಟ್ಟಿ ಆಲಿಸಿದೆವು. ಮಾಪಕದ ಮುಳ್ಳು ನಿರಂತರ ಕರಕರ ಶಬ್ದದಿಂದ ಐದರ ಅಂಕದ ಮೇಲೆಯೇ ನಿಂತಿತು. ಯಾರನ್ನು ದೂಷಿಸುವುದು ಎಂದು ಒಂದು ವಾರ ನೆರೆಹೊರೆಯವರನ್ನೆಲ್ಲ ಸಂಶಯದಿಂದ ನೋಡಿದ ಮೇಲೆ ಗೊತ್ತಾಯಿತು: ಅರ್ಧ ಶಬ್ದ ಆ ವಿದ್ಯಾರ್ಥಿಯ ಓದುವ ಮೇಜಿನ ದೀಪದ್ದೇ! ಉಳಿದರ್ಧವು ಆಗ್ನೇಯ ದಿಕ್ಕಿನಿಂದ ಬರುತ್ತಿದ್ದಿತು; ಅದನ್ನು ಆರಿಸುವ ಅಧಿಕಾರ ನಮಗಿರಲಿಲ್ಲ. ಮುಂದೆ ದಿಶಾತ್ಮಕ ಏರಿಯಲ್ಲನ್ನು ನಿಲ್ಲಿಸಿ, ಅದರ ಬೆನ್ನನ್ನು ಆ ದಿಕ್ಕಿಗೆ ತಿರುಗಿಸಿದಾಗ ಮುಳ್ಳು ಮೂರು ಅಂಕ ಕೆಳಗಿಳಿಯಿತು. ಒಂದು ಅಂಕವೆಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. ಮೂರು ಅಂಕಕ್ಕೆ ಅರುವತ್ತನಾಲ್ಕು ಪಟ್ಟು. ಮರುದಿನ ಮಧ್ಯಾಹ್ನ ಯೂರೋಪಿನ ದನಿಗಳು ಆ ನಿಶ್ಶಬ್ದದೊಳಗಿನಿಂದ ಎದ್ದು ಬಂದವು. ನಾವು ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ.

ದೊಡ್ಡ ಸಂಸ್ಥೆಗಳೂ ಏರಿಯಲ್ಲುಗಳ ಕಿವಿಯನ್ನು ನಂಬಿಯೇ ಕೆಲಸ ಮಾಡುತ್ತವೆ. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನ ಸಂಸ್ಥೆ ಹಾಗೂ ಭಾರತೀಯ ಖಭೌತ ಸಂಸ್ಥೆಗಳು ಕೂಡಿ 1970ರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವು 34.5 ಮೆಗಾಹರ್ಟ್ಸಿಗೆ ಹೊಂದಿಸಿದ್ದು, ಅಂದರೆ ನಮ್ಮ ವಿದ್ಯಾರ್ಥಿಯ ಪಟ್ಟಿಗೆ ಬಲು ಹತ್ತಿರದ ನೆಂಟ. ಸಾವಿರ ಡೈಪೋಲುಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿ, ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ನಿಲ್ಲಿಸಿದರು. ಅದು ಒಂದು ಮಾತನ್ನೂ ಆಡಲಿಲ್ಲ, ಆಕಾಶವನ್ನು ಆಲಿಸಿತು. ಕೆಂಗೇರಿಯಿಂದಾಚೆ ಬ್ಯಾಲಾಳಿನಲ್ಲಿ 2008ರ ಚಂದ್ರಯಾನಕ್ಕಾಗಿ ಸಿದ್ಧವಾದ 32 ಮೀಟರ್ ವ್ಯಾಸದ ಬಟ್ಟಲಾದರೋ ಆಜ್ಞೆಗಳನ್ನು ಕಳುಹಿಸುವುದೂ ಉಂಟು. ಆದರೂ ಅದರ ಗಾತ್ರವನ್ನು ಸಮರ್ಥಿಸುವ ಕೆಲಸವೆಂದರೆ ಅತಿ ದೂರದಿಂದ ಬರುವ ಕ್ಷೀಣ ದನಿಯನ್ನು ಹಿಡಿಯುವುದು.

ಹಾಗಾದರೆ ಐದು ದಂಡಗಳ ಏರಿಯಲ್ಲೇ ಇನ್ನೂ ಒಳ್ಳೆಯ ಕಿವಿಯಲ್ಲವೇ? ತೆರೆದ ಬಯಲಿನಲ್ಲಿ ಹೌದು. ಆದರೆ ಇಲ್ಲಿನ ಎಷ್ಟೋ ನಿವೇಶನಗಳ ಅಗಲ ಇಪ್ಪತ್ತೇ ಅಡಿ, ಎಂದರೆ 6 ಮೀಟರ್. ಐದು ದಂಡಗಳ ಏರಿಯಲ್ಲಿನ ನಡುಗೋಲು 6 ಮೀಟರನ್ನೂ ಮೀರುತ್ತದೆ. ಒಂದೊಂದು ದಂಡವೂ ಐದು ಮೀಟರಿನ ಆಸುಪಾಸು. ಅದನ್ನು ತಿರುಗಿಸಿದರೆ ಎರಡೂ ಪಕ್ಕದ ಮನೆಯವರ ಆಕಾಶವನ್ನು ಆಕ್ರಮಿಸುತ್ತದೆ. ಇಷ್ಟು ಪಾಡುಪಟ್ಟರೂ ಎರಡು ದಂಡಗಳ ಏರಿಯಲ್ಲಿಗಿಂತ ದೊರೆಯುವ ಲಾಭ ಮಾಪಕದ ಮೇಲೆ ಅರ್ಧ ಅಂಕಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಅದೇ ಶ್ರಮವನ್ನು ಎತ್ತರಕ್ಕೆ ವ್ಯಯಿಸಿದರೆ ಫಲ ಬೇರೆ. ಸಮತಲವಾಗಿ ಮಲಗಿದ ಏರಿಯಲ್ಲಿನಿಂದ ಹೊರಡುವ ತರಂಗವೂ ನೆಲದಿಂದ ಪ್ರತಿಫಲಿಸಿದ ತರಂಗವೂ ಕೂಡಿ ಒಂದು ನಿರ್ದಿಷ್ಟ ಕೋನದಲ್ಲಿ ಬಲಗೊಳ್ಳುತ್ತವೆ. ತರಂಗದೂರವನ್ನು ಎತ್ತರದ ನಾಲ್ಕರಷ್ಟರಿಂದ ಭಾಗಿಸಿದರೆ ಆ ಕೋನದ ಸೈನ್ ದೊರೆಯುತ್ತದೆ. ತ್ರಿಕೋನಮಿತಿ ಓದಿದ ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ಅರ್ಧ ತರಂಗದೂರದಷ್ಟು, ಎಂದರೆ 5.3 ಮೀಟರ್ ಎತ್ತರದಲ್ಲಿ ಕೋನ 30 ಡಿಗ್ರಿ. ಹತ್ತೂವರೆ ಮೀಟರಿನಲ್ಲಿ ಹದಿನಾಲ್ಕೂವರೆ. ಸುಮಾರು 300 ಕಿಲೋಮೀಟರ್ ಮೇಲಿರುವ ಅಯಾನುಮಂಡಲದಿಂದ ತರಂಗವು ಬಾಗಿ ಭೂಮಿಗೆ ಮರಳುವಾಗ, ಮೊದಲನೆಯ ಕೋನದಲ್ಲಿ ಒಂದು ನೆಗೆತಕ್ಕೆ 900 ಕಿಲೋಮೀಟರ್ ದಾಟಿದರೆ ಎರಡನೆಯದರಲ್ಲಿ 1,700ನ್ನೂ ಮೀರುತ್ತದೆ. ಅಷ್ಟೇ ಅಲ್ಲ, 28 ಮೆಗಾಹರ್ಟ್ಸಿನ ತರಂಗವು ಕಡಿದಾಗಿ ಹೊರಟರೆ ಅನೇಕ ವೇಳೆ ಮರಳುವುದೇ ಇಲ್ಲ, ಅಂತರಿಕ್ಷಕ್ಕೆ ತೂರಿಹೋಗುತ್ತದೆ. ನಗರದಲ್ಲಿ ಕಾಂಕ್ರೀಟು, ಕಬ್ಬಿಣ, ನೀರಿನ ತೊಟ್ಟಿಗಳು ಈ ಲೆಕ್ಕವನ್ನು ಕೆಡಿಸುವುದುಂಟು; ಆದರೂ ಎತ್ತರ ಹೆಚ್ಚಿದಷ್ಟೂ ಕೋನ ತಗ್ಗುವುದೆಂಬ ಒಲವು ಉಳಿಯುತ್ತದೆ. ಮೂರು ಮಹಡಿಯ ಮನೆಯವರಿಗೆ ಎತ್ತರದ ಬಹುಭಾಗ ಪುಕ್ಕಟೆಯಾಗಿ ಬಂದಿದೆ.

ಆದುದರಿಂದ ನಾವು ಸೂಚಿಸಿದ್ದು ಬ್ರಿಟನ್ನಿನ ಹವ್ಯಾಸಿ ಲೆಸ್ ಮಾಕ್ಸನ್ನರ ಹೆಸರಿನಿಂದ ಕರೆಯುವ ಆಯತ. ಎರಡೇ ದಂಡಗಳು, ಅವುಗಳ ತುದಿಗಳು ಒಂದರತ್ತ ಒಂದು ಬಾಗಿ ಎದುರುಬದುರಾಗಿ ನಿಲ್ಲುತ್ತವೆ. 28 ಮೆಗಾಹರ್ಟ್ಸಿಗೆ ಅಗಲ ಸುಮಾರು 3.8 ಮೀಟರ್, ಆಳ 1.4 ಮೀಟರ್. ಇಪ್ಪತ್ತು ಅಡಿಯ ಮಾಳಿಗೆಯೊಳಗೇ ಪೂರ್ತಿ ಸುತ್ತುತ್ತದೆ. ಮುಂದಿನ ಬಲ ಡೈಪೋಲಿಗಿಂತ ಎರಡು ಪಟ್ಟಿಗೆ ಮಿಕ್ಕಿದೆ. ಹಿಂದಿನ ಕಿವುಡುತನವಂತೂ ದೊಡ್ಡ ಏರಿಯಲ್ಲುಗಳನ್ನು ನಾಚಿಸುವಂತಹುದು. ತಾಮ್ರದ ತಂತಿ, ಬಿದಿರುಗಳಿಂದಲೂ ಕಟ್ಟಬಹುದು. ಮೊದಲ ಬಾರಿ ಅದನ್ನು ನೀರಿನ ತೊಟ್ಟಿಯ ಕಬ್ಬಿಣದ ಕಂಬಿಗಳ ಮಗ್ಗುಲಲ್ಲೇ ಕಟ್ಟಿ, ಅನುನಾದದ ಆವೃತ್ತಿ ಎಲ್ಲಿಗೋ ಸರಿದುಹೋಗಿ, ಎರಡು ಭಾನುವಾರಗಳನ್ನು ಕಳೆದುಕೊಂಡವರು ನಾವೇ.

ಮಾಳಿಗೆಯಿಂದ ಕೋಣೆಗೆ ಇಳಿಯುವ ಕೇಬಲ್ಲಿನಲ್ಲಿ ಜಿಪುಣತನ ಸಲ್ಲದು. ತೆಳುವಾದ ಕೋಆಕ್ಸಿಯಲ್ ಕೇಬಲ್ 30 ಮೀಟರ್ ಉದ್ದವಿದ್ದರೆ ಶಕ್ತಿಯ ಅರ್ಧಕ್ಕೆ ಸಮೀಪದ ಭಾಗವನ್ನು ತಾನೇ ನುಂಗುತ್ತದೆ. ದಪ್ಪನೆಯದು ಕಾಲುಭಾಗಕ್ಕೆ ತೃಪ್ತಿಪಡುತ್ತದೆ. ಕಂಬವು ಬಿದ್ದರೆ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ದೂರವಿರಬೇಕು. ಅಂತಹ ಜಾಗ ಇಲ್ಲದಿದ್ದರೆ ಏರಿಯಲ್ ಬೇಡ. ಇದರಲ್ಲಿ ನಾವು ಯಾರೊಡನೆಯೂ ಚರ್ಚೆಗೆ ಸಿದ್ಧರಿಲ್ಲ. ಗುಡುಗು ಕೇಳಿಸುವ ಮೊದಲೇ ಕೇಬಲ್ಲನ್ನು ಪೆಟ್ಟಿಗೆಯಿಂದ ಬಿಡಿಸಿ ಹೊರಗಿಡಬೇಕು.

ಕಾಲದ ಮಾತೂ ಒಂದಿದೆ. 28 ಮೆಗಾಹರ್ಟ್ಸಿನ ದೂರದ ದಾರಿಗಳು ಸೂರ್ಯನ ಕಲೆಗಳೊಡನೆ ತೆರೆದು ಮುಚ್ಚುತ್ತವೆ. ಇಪ್ಪತ್ತೈದನೆಯ ಸೌರಚಕ್ರವು 2024ರ ಆಸುಪಾಸಿನಲ್ಲಿ ಶಿಖರವನ್ನು ಮುಟ್ಟಿತು. ಚಕ್ರದ ಅವಧಿ ಸುಮಾರು ಹನ್ನೊಂದು ವರ್ಷ, ಪಿ.ಯು.ಸಿ.ಯ ವಿದ್ಯಾರ್ಥಿ ಈಗ ತಡಮಾಡಿದರೆ ಮುಂದಿನ ಶಿಖರಕ್ಕೆ ಅವನು ಸಂಸಾರಸ್ಥನಾಗಿರುತ್ತಾನೆ. ಸಾವಿರಾರು ರೂಪಾಯಿಯ ಏರಿಯಲ್ಲಿಗೆ ಹಣ ಕೂಡಿಸುತ್ತ ಕುಳಿತುಕೊಳ್ಳಬೇಡವೆಂದು ಅವನಿಗೆ ನಾವು ಒತ್ತಾಯಪಡಿಸಿದ್ದು ಇದಕ್ಕಾಗಿಯೇ.

ಏರಿಯಲ್ಲನ್ನು ಎತ್ತ ತಿರುಗಿಸಬೇಕೆಂಬ ಪ್ರಶ್ನೆಗೆ ಗೋಡೆಯ ಮೇಲಿನ ಭೂಪಟ ಮೋಸ ಮಾಡುತ್ತದೆ. ಗೋಳವನ್ನು ತೆಗೆದುಕೊಂಡು ಬೆಂಗಳೂರಿನಿಂದ ದಾರ ಬಿಗಿಯಬೇಕು. ಲಂಡನ್ನಿಗೆ ಉತ್ತರದಿಂದ 40 ಡಿಗ್ರಿ ಪಶ್ಚಿಮಕ್ಕೆ. ಟೋಕಿಯೋಗೆ 56 ಡಿಗ್ರಿ ಪೂರ್ವಕ್ಕೆ. ನ್ಯೂಯಾರ್ಕಿಗೆ ನೇರ ಪಶ್ಚಿಮವಲ್ಲ, ಉತ್ತರದಿಂದ 25 ಡಿಗ್ರಿ ಮಾತ್ರ ಪಶ್ಚಿಮಕ್ಕೆ. ಲಾಸ್ ಏಂಜಲೀಸಿಗಂತೂ ಉತ್ತರವನ್ನು ದಾಟಿ 17 ಡಿಗ್ರಿ ಪೂರ್ವಕ್ಕೆ. ಹುಡುಗನು ಈ ಅಂಕಿಗಳನ್ನು ಮಾಳಿಗೆಯ ಅಡ್ಡಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದಾನೆ. ಬಟ್ಟೆ ಒಣಗಿಸಲು ಬಂದ ಅವನ ಅಜ್ಜಿ, “ಅಮೆರಿಕ ನೀರಿನ ತೊಟ್ಟಿಯ ಕಡೆಗೆ ಇದೆಯೇನಪ್ಪಾ?” ಎಂದು ಕೇಳಿದರಂತೆ. ಹೌದು, ಅಲ್ಲಿಯೇ ಇದೆ.