ಒಲೆಯ ಉರಿಯಲ್ಲಿ ಪರಮಾಣುವಿನ ಗುಟ್ಟು

ಒಲೆಯ ನೀಲಿ ಉರಿಯ ಮೇಲೆ ಚಿಟಿಕೆ ಉಪ್ಪು ಬಿದ್ದೊಡನೆ ಜ್ವಾಲೆ ಹಳದಿಯಾಗಿ ಬೆಳಗುತ್ತದೆ. ಎಷ್ಟು ಸಲ ಉದುರಿಸಿದರೂ ಅದೇ ಹಳದಿ. ಈ ನಿಯಮದ ಹಿಂದೆ ಜಗತ್ತಿನ ಅಳಿವು ಉಳಿವಿನ ಪ್ರಶ್ನೆಯೇ ಅಡಗಿದೆ.

1911ರಲ್ಲಿ ಮ್ಯಾಂಚೆಸ್ಟರಿನ ಅಧ್ಯಾಪಕ ರದರ್‌ಫರ್ಡನು ಪರಮಾಣುವಿನ ಚಿತ್ರವೊಂದನ್ನು ಲೋಕದ ಮುಂದಿಟ್ಟನು. ನಡುವೆ ಬೀಜ, ಸುತ್ತಲೂ ಎಲೆಕ್ಟ್ರಾನುಗಳು. ಬೀಜವು ಪರಮಾಣುವಿನ ಅಗಲದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದು. ಆದರೂ ತೂಕವೆಲ್ಲ ಬಹುಮಟ್ಟಿಗೆ ಅದರದೇ. ಆದರೆ ಸುತ್ತುವ ಎಲೆಕ್ಟ್ರಾನು ಬೆಳಕನ್ನು ಚೆಲ್ಲುತ್ತ, ಶಕ್ತಿಗುಂದಿ, ಕಣ್ಣೆವೆ ಇಕ್ಕುವುದರೊಳಗೆ ಬೀಜಕ್ಕೆ ಬೀಳಬೇಕೆಂಬುದು ಅಂದಿನ ಭೌತಶಾಸ್ತ್ರದ ತೀರ್ಪು. ಹಾಗಾದರೆ ಕಲ್ಲು, ನೀರು, ಮನುಷ್ಯದೇಹ ಉಳಿದಿರುವುದೆಂತು?

1913ರಲ್ಲಿ ಡೆನ್ಮಾರ್ಕಿನ 27ರ ತರುಣ ನೀಲ್ಸ್ ಬೋರನು ಉತ್ತರವಿತ್ತನು. ಎಲೆಕ್ಟ್ರಾನಿನ ಶಕ್ತಿಗೆ ಮೆಟ್ಟಿಲುಗಳುಂಟು. ಎರಡು ಮೆಟ್ಟಿಲುಗಳ ನಡುವೆ ನಿಲ್ಲಲು ಅದಕ್ಕೆ ಎಡೆಯಿಲ್ಲ. ಕಟ್ಟಕಡೆಯ ಮೆಟ್ಟಿಲಿಗಿಂತ ಕೆಳಗೆ ಇಳಿಯುವಂತೆಯೂ ಇಲ್ಲ. ಮೇಲಿನಿಂದ ಕೆಳಕ್ಕೆ ಧುಮುಕುವಾಗ ಆ ಅಂತರಕ್ಕೆ ತಕ್ಕ ಬಣ್ಣದ ಬೆಳಕು ಹೊಮ್ಮುತ್ತದೆ. ಉಪ್ಪಿನ ಸೋಡಿಯಮ್ಮು ಉರಿಯ ಶಾಖದಿಂದ ಮೇಲೇರಿ ಹಿಂದಿರುಗುವಾಗ ಹೊಮ್ಮುವುದೇ ಆ ಹಳದಿ.

ಎಲೆಕ್ಟ್ರಾನು ಗ್ರಹದಂತೆ ಸುತ್ತುವುದೆಂಬ ಕಲ್ಪನೆ ಮಾತ್ರ ಬಹುಕಾಲ ನಿಲ್ಲಲಿಲ್ಲ. 1926ರಲ್ಲಿ ಶ್ರೋಡಿಂಗರನೂ 1927ರಲ್ಲಿ ಹೈಸನ್‌ಬರ್ಗನೂ ತೋರಿಸಿಕೊಟ್ಟ ಪ್ರಕಾರ, ಅದಕ್ಕೆ ಗೆರೆ ಎಳೆದಂಥ ಹಾದಿಯಿಲ್ಲ. ಇಲ್ಲಿರಬಹುದು, ಅಲ್ಲಿರಬಹುದು ಎಂಬ ಸಂಭವವಷ್ಟೇ ಉಂಟು. ಇಕ್ಕಟ್ಟಿನಲ್ಲಿ ಕೂಡಿಹಾಕಿದಷ್ಟೂ ಅದರ ಚಡಪಡಿಕೆ ಹೆಚ್ಚುತ್ತದೆ. ಬೀಜದ ಸೆಳೆತಕ್ಕೆ ಅದು ಪೂರ್ತಿ ಸೋಲದಿರುವುದು ಇದರಿಂದಲೇ.

ಬೋರನ ಹಾದಿಗಳು ಅಳಿದವು, ಮೆಟ್ಟಿಲುಗಳು ಉಳಿದವು. ಒಲೆಯ ಉರಿಗೆ ಉಪ್ಪು ಬಿದ್ದಾಗಲೆಲ್ಲ ಅವು ಕಣ್ಣಿಗೆ ಕಾಣುತ್ತವೆ.